ಗಂಗಾಂಬಿಕಾ ಅಳಿಸಿ ತೋರಿಸಿದ್ದು

ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಗಂಗಾಂಬಿಕಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯಲ್ಲಿ ಕೂತು ಕಾಯುವಷ್ಟು ತಾಳ್ಮೆ ಅವಳ ಸಿಟ್ಟಿಗೆ ಇರಲಿಲ್ಲ. ಹೆಣ್ಣು ನೋಡಲು ಬಂದವರೊಬ್ಬರು, "ಹುಡುಗಿಗೆ ಕಂಪ್ಯೂಟರ್ ಬರ್ತೈತಂತ, ಅಡಿಗಿ ಬರ್ತೈತೇನು?" ಎಂದು ಕೇಳಿದ್ದಕ್ಕೆ ಅವಳು ಚಹದ ತಟ್ಟೆಯನ್ನು ಕೆಳಗಿಟ್ಟು, "ನಿಮ್ಮ ಹುಡುಗಗ ಎರಡ್ರಾಗ ಯಾವುದು ಬರ್ತೈತಿ, ಮೊದ್ಲು ಅದನ್ನ ಹೇಳ್ರಿ" ಎಂದಳು. ಬಂದವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೊಸಪೇಟೆಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಮಲ್ಲೇಶ್ ಈ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ತಾನೇ ಮುಂದಾಗಿ ಹೋಗಿ ಹೆಣ್ಣು ಕೇಳಿದ. ಮದುವೆಯಾದ ಮೇಲೆ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಆದರೂ ಒಂದು ದಿನ ಬೇಸರಪಟ್ಟುಕೊಂಡವನಲ್ಲ.

ಹಾಗಂತ ಅವಳು ಕಂಡಕಂಡವರ ಮೇಲೆ ಹರಿಹಾಯುವ ಜಾತಿಯಲ್ಲ. ತನ್ನನ್ನು ಬೈದವರನ್ನು ಸಂಜೆಯೊಳಗೆ ಮರೆತುಬಿಡುತ್ತಿದ್ದಳು. ತಿರುಗಿ ಮಾತಾಡಲು ಆಗದವನ ಮೇಲೆ ಯಾರಾದರೂ ದನಿ ಎತ್ತಿದರೆ ಮಾತ್ರ ಅವಳ ಪಿತ್ತ ನೆತ್ತಿಗೇರುತ್ತಿತ್ತು. ಎರಡು ಸಾವಿರದ ಏಳನೆಯ ಇಸವಿಯ ದಸರೆಯಲ್ಲಿ ನೆತ್ತಿಗೇರಿದ್ದು ಮತ್ತೆ ಪೂರ್ತಿಯಾಗಿ ಇಳಿದಿದೆ ಎಂದು ಅವಳನ್ನು ಬಲ್ಲ ಯಾರೂ ಹೇಳುವುದಿಲ್ಲ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳನ್ನು ಹಗಲೂ ರಾತ್ರಿ ಕೊರೆದು ಲಾರಿಗೆ ತುಂಬಿ ಸಾಗಿಸುತ್ತಿದ್ದರು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು, ರಸ್ತೆ ದಾಟಲು ಹೊರಟವರು ದೇವರನ್ನು ನೆನೆದೇ ಕಾಲಿಡುತ್ತಿದ್ದರು. ನಿನ್ನೆಯವರೆಗೆ ಅಕ್ಕಿ ಮೂಟೆ ಮಾರುತ್ತಿದ್ದವರು ಇವತ್ತು ಕರೀ ಕನ್ನಡಕ ಹಾಕಿಕೊಂಡು ಚೀನಾಕ್ಕೆ ಅದಿರು ಕಳಿಸುವ ಮಾತಾಡುತ್ತಿದ್ದರು. ಚನ್ನಯ್ಯ ಅಂಥವರಲ್ಲಿ ಒಬ್ಬರು. ಗಂಗಾಂಬಿಕಾಳ ತಂದೆಯ ಹಳೇ ಗೆಣೆಯ. ಗುಡ್ಡದ ಮೇಲೆ ಗುತ್ತಿಗೆ ಹಿಡಿದು, ಹೊಸಪೇಟೆಯ ಹೊರಗೆ ಸಂಡೂರು ರಸ್ತೆಯಲ್ಲಿ ಅದಿರಿನ ಯಾರ್ಡು ಮಾಡಿದ್ದರು. ಗುಡ್ಡ ಇಳಿದು ಬಂದ ಪ್ರತಿ ಲಾರಿಯೂ ಯಾರ್ಡಿನ ಬಾಗಿಲಲ್ಲಿದ್ದ ವೇಬ್ರಿಡ್ಜಿನ ಮೇಲೆ ತೂಗಿಸಿಕೊಂಡೇ ಒಳಗೆ ಹೋಗಬೇಕು. ಆ ತೂಕದ ಕಟ್ಟೆಯನ್ನು ಎಲ್ಲರೂ ಕಾಟಾ ಎನ್ನುತ್ತಿದ್ದರು.

ಕಾಟಾದ ಪಕ್ಕದ ತಗಡಿನ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದವನು ಪಾಲಯ್ಯ. ಚೋರನೂರಿನವನು. ಹೆಂಡತಿ ರೇಣುಕಮ್ಮನ ಜೊತೆ ಹೊಸಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ಮಾತು ಕಡಿಮೆ. ಡ್ರೈವರುಗಳು ಕೊಡಿಸುವ ಚಹವನ್ನೂ ಕುಡಿಯುತ್ತಿರಲಿಲ್ಲ. ಒಮ್ಮೆ ಕುಡಿದರೆ ನಾಳೆ ಆ ಗಾಡಿಯನ್ನು ನೋಡುವ ಕಣ್ಣು ಬೇರೆಯಾಗುತ್ತದೆ ಎನ್ನುತ್ತಿದ್ದ. ಡ್ರೈವರುಗಳು ಅವನನ್ನು ಸ್ವಾಮ್ಯಾರು ಎಂದು ಚಾಷ್ಟಿ ಮಾಡುತ್ತಿದ್ದರು.

ಆ ಸುತ್ತಿನಲ್ಲಿ ಅದಿರು ಕದಿಯದವನೇ ಪೆದ್ದ ಎನ್ನುವಂತಾಗಿತ್ತು. ಗುಡ್ಡದಲ್ಲಿ ತುಂಬಿದ್ದಕ್ಕೂ ಯಾರ್ಡಿಗೆ ಇಳಿದದ್ದಕ್ಕೂ ತಾಳೆಯಾಗುವುದಿಲ್ಲವೆಂದು ಚನ್ನಯ್ಯ ಆ ವರ್ಷ ಬೆಂಗಳೂರಿನಿಂದ ದೊಡ್ಡ ಸಾಫ್ಟ್‌ವೇರ್ ತರಿಸಿದರು. ಗಣಿ, ಲಾರಿ, ಸ್ಟೋರು, ಸಂಬಳ ಎಲ್ಲ ಅದರೊಳಗೇ. ಅದು ಓಡುವ ಸರ್ವರ್ ಎಂಬ ಕಪ್ಪು ಪೆಟ್ಟಿಗೆಗೆ ಆಫೀಸಿನಲ್ಲಿ ಒಂದು ಎಸಿ ಕೋಣೆ ಕಟ್ಟಿಸಿದರು. ಅದನ್ನು ನೋಡಿಕೊಳ್ಳಲು ಕಂಪ್ಯೂಟರ್ ಓದಿದ ಗೆಣೆಯನ ಮಗಳನ್ನೇ ಕರೆದರು. "ನಮ್ಮ ಮನಿ ಹುಡುಗಿ ನೀನು, ಕಣ್ಣಿಗೆ ಎಣ್ಣಿ ಬಿಟ್ಕೊಂಡು ಕಾಯಬೇಕು ನೋಡವಾ" ಎಂದರು. ಗಂಗಾಂಬಿಕಾ ಕಾದಳು ಕೂಡ.

ಮಹಾನವಮಿಗೆ ಅವಳು ಕಂಪ್ಲಿಗೆ ಹೋದಳು. ಗಿರಣಿ ಮನೆಯ ಮಗಳು ಆಯುಧ ಪೂಜೆಗೆ ಗಿರಣಿಯಲ್ಲಿ ಇಲ್ಲದಿದ್ದರೆ ಅಪ್ಪ ಪೂಜೆಯನ್ನೇ ಶುರು ಮಾಡುತ್ತಿರಲಿಲ್ಲ. ದಶಮಿ ಮುಗಿಸಿ, ಆಫೀಸಿನವರಿಗೆ ಕೊಡಲೆಂದು ಕರವಸ್ತ್ರದಲ್ಲಿ ಬನ್ನಿ ಎಲೆ ಕಟ್ಟಿಕೊಂಡು, ಮರುದಿನ ಬೆಳಿಗ್ಗೆ ಬಸ್ಸು ಹತ್ತಿ, ಹೊಸಪೇಟೆಯಲ್ಲಿ ಇಳಿದು ಸಂಡೂರಿನ ಬಸ್ಸು ಹಿಡಿದಳು. ಯಾರ್ಡಿನ ಹತ್ತಿರ ಬರುತ್ತಿದ್ದಂತೆ ಬಸ್ಸು ನಿಂತೇಬಿಟ್ಟಿತು. ರಸ್ತೆಯುದ್ದಕ್ಕೂ ಬಾಳೆಕಂದು ಕಟ್ಟಿಕೊಂಡ, ಕುಂಕುಮ ಬಳಿದುಕೊಂಡ ಲಾರಿಗಳು. ಎಲ್ಲವೂ ಹಾರನ್ ಒತ್ತುತ್ತಿವೆ, ಒಂದೂ ಅಲುಗುತ್ತಿಲ್ಲ. ಅವಳು ಇಳಿದು ನಡೆದಳು.

ಕಾಟಾದ ಮುಂದೆ ಗುಂಪು ಸೇರಿತ್ತು. ಗುಂಪಿನ ನಡುವೆ ಚನ್ನಯ್ಯ ಪಾಲಯ್ಯನ ಅಂಗಿಯ ಕಾಲರು ಹಿಡಿದಿದ್ದರು.

"ಯಾರಿಗೆ ಮಾರ್ಕೊಂಡೀಲೇ? ಹೊಸಾ ಸಾಫ್ಟ್‌ವೇರ್ ಬಂದು ನಿನಗ ತ್ರಾಸ ಆತು, ಅದಕ್ಕ ಅಳಿಸಿಬಿಟ್ಟಿ, ಹೌದಿಲ್ಲೋ?"

"ಇಲ್ರಿ ಸಾವ್ಕಾರ್ರೇ. ನಾ ಬಟನ್ ಒತ್ತಿದೆ, ಅದು ಹಿಂಗಂತು. ನಾ ಏನೂ ಮುಟ್ಟಿಲ್ರಿ."

ಮಾತು ಮುಗಿಯುವ ಮೊದಲೇ ಕಪಾಳಕ್ಕೆ ಬಿತ್ತು. ಆ ಸದ್ದಿಗೆ ಹಾರನ್ನುಗಳೂ ಒಂದು ಗಳಿಗೆ ನಿಂತವು. ಗೇಟಿನ ಹತ್ತಿರ ರೇಣುಕಮ್ಮ ನಿಂತಿದ್ದಳು. ಗಂಡ ಮರೆತು ಬಂದ ಬುತ್ತಿಯನ್ನು ಕೊಟ್ಟುಹೋಗಲು ಬಂದವಳು, ಬುತ್ತಿಯ ಗಂಟನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಿದ್ದಳು. ಪಾಲಯ್ಯ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಹೆಂಡತಿಯನ್ನು ನೋಡಿದವನು ತಲೆ ತಗ್ಗಿಸಿದ.

ಗಂಗಾಂಬಿಕಾ ಗುಂಪನ್ನು ಸೀಳಿಕೊಂಡು ಬಂದಳು. "ಸಾವ್ಕಾರ್ರೇ! ಕೈ ಬಿಡ್ರಿ ಮೊದ್ಲು. ಏನ್ ನಡಿಸೀರಿ ಇದು?"

"ಬಂದ್ಯಾ? ಚಲೋ ಆತು. ನಿನ್ನ ಮಷೀನಿನಾಗ ಕಳ್ಳ ಕೈ ಹಾಕ್ಯಾನ ನೋಡು. ಸಾಫ್ಟ್‌ವೇರ್ ಕೊಟ್ಟ ಬೆಂಗಳೂರಿನವಗ ಫೋನ್ ಮಾಡಿದ್ದೆ. ಯಾರೋ ಅಳಿಸಿದ್ರ ಮಾತ್ರ ಹಿಂಗ ಆಗ್ತೈತಂತ. ಕಾಟಾದಾಗ ಕುಂದ್ರಾವ ಇವನ ಬಿಟ್ರ ಯಾರದಾರ?"

ಅವಳು ಕ್ಯಾಬಿನ್ನಿಗೆ ನುಗ್ಗಿ ಪರದೆ ನೋಡಿದಳು. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಒಂದೇ ಸಾಲು: ಆಬ್ಜೆಕ್ಟ್ ನಾಟ್ ಫೌಂಡ್. ಇಂಥ ದೊಡ್ಡ ಸಾಫ್ಟ್‌ವೇರ್ ಒಂದೇ ಗಟ್ಟಿ ವಸ್ತುವಲ್ಲ, ಸಾವಿರಾರು ತುಂಡುಗಳನ್ನು ಜೋಡಿಸಿ ಕಟ್ಟಿದ್ದು. ಒಂದೊಂದು ತುಂಡಿಗೂ ಒಂದೊಂದು ಹೆಸರು. ಆ ತುಂಡನ್ನೇ ಆಬ್ಜೆಕ್ಟ್ ಎನ್ನುತ್ತಾರೆ. ತೂಕದ ಪರದೆ ಒಂದು ತುಂಡು. ಅದಿರು ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕವನ್ನು ಕಳೆದು ಹೇಳುವುದು ಇನ್ನೊಂದು ತುಂಡು. ಪರದೆ ಆ ಇನ್ನೊಂದನ್ನು ಹೆಸರು ಹಿಡಿದು ಕೂಗಿದೆ, ಅದು ಜಾಗದಲ್ಲಿಲ್ಲ. ಅಷ್ಟೇ ಸಂಗತಿ. ಯಾಕೆ ಇಲ್ಲ, ಯಾರು ಒಯ್ದರು, ಒಯ್ದರೋ ಇಲ್ಲವೋ, ಅದನ್ನೆಲ್ಲ ಆ ಸಾಲು ಹೇಳುವುದಿಲ್ಲ. ಅದು ಹೇಳದ್ದನ್ನು ಬೆಂಗಳೂರಿನ ಮಹಾಶಯ ತಾನೇ ಹೇಳಿ, ಫೋನಿಟ್ಟು, ಕೈ ತೊಳೆದುಕೊಂಡಿದ್ದ. ಎಲ್ಲೋ ತಣ್ಣಗೆ ಕೂತು ಒಂದು ಮಾತು ಒಗೆದರೆ ಇಲ್ಲಿ ಯಾರ ಕಪಾಳಕ್ಕೆ ಬೀಳುತ್ತದೆಂದು ಅವನಿಗೇನು ಗೊತ್ತು?

"ಸಾವ್ಕಾರ್ರೇ, ಇಲ್ಲಿ ಕೇಳ್ರಿ" ಎಂದಳು ಗಂಗಾಂಬಿಕಾ. "ಪಾಲಯ್ಯಣ್ಣನ ಪಾಸ್‌ವರ್ಡಿನಾಗ ತೂಗಬಹುದು, ಚೀಟಿ ತೆಗೀಬಹುದು. ಅಷ್ಟ. ಅಳಿಸೋ ಅಧಿಕಾರ ಇರಾದು ಇಬ್ಬರಿಗೆ. ಒಂದು ನನಗ, ಇನ್ನೊಂದು ಆ ಬೆಂಗಳೂರಿನವನಿಗೆ. ಅಳಿಸ್ಯಾರ ಅಂತೀರಿ? ಹಂಗಾದ್ರ ನನ್ನ ಹಿಡೀರಿ."

"ಏ ಸುಮ್ನಿರವಾ. ನಿಮ್ಮಪ್ಪನ ಮಗಳು ನೀನು. ನಿನ್ನ ಮ್ಯಾಲೆ ಅನುಮಾನ ಪಟ್ರ ನನ್ನ ನಾಲಿಗಿ ಸೇದಿ ಹೋಗಲಿ."

"ಪಾಲಯ್ಯಣ್ಣನೂ ಯಾರದೋ ಮಗನ ಅಲ್ಲೇನ್ರಿ?"

ಚನ್ನಯ್ಯ ಪಾಲಯ್ಯನ ಕಡೆ ತಿರುಗಿದರು. ನಾಳೆ ಮಧ್ಯಾಹ್ನದೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸರ ಕೈಗೆ ಕೊಡುತ್ತೇನೆ ಎಂದರು. ಅಲ್ಲಿಯವರೆಗೆ ಯಾರೂ ಕೈಚೀಟಿ ಬರೆದು ಗಾಡಿ ಬಿಡಬಾರದು, ನನಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ಕೂಗಿ ಆಫೀಸಿಗೆ ಹೋದರು. ಕಾಟಾದ ಕೀಲಿಯನ್ನು ಪಾಲಯ್ಯನಿಂದ ಕಸಿದುಕೊಂಡರು. ಅವನು ಬೇವಿನ ಮರದ ಕೆಳಗೆ ಹೋಗಿ ಕೂತ. ಗುಡ್ಡದಲ್ಲಿ ತುಂಬಿದ ಲಾರಿಗಳೆಲ್ಲ ರಸ್ತೆಯಲ್ಲಿ ನಿಂತಿವೆ, ಸ್ಟೇಷನ್ನಿನಲ್ಲಿ ಅದಿರಿಗಾಗಿ ಗೂಡ್ಸ್ ಗಾಡಿ ಕಾಯುತ್ತಿದೆ, ಇಲ್ಲಿ ಒಬ್ಬ ಮನುಷ್ಯನ ಮರ್ಯಾದೆ ನೆಲದ ಮೇಲೆ ಬಿದ್ದಿದೆ. ಬನ್ನಿಯ ಕರವಸ್ತ್ರ ಇನ್ನೂ ಗಂಗಾಂಬಿಕಾಳ ಕೈಯಲ್ಲೇ ಇತ್ತು. ಯಾರಿಗೆ ಕೊಟ್ಟು ಒಳ್ಳೆಯ ಮಾತಾಡುವುದು? ಅದನ್ನು ಕ್ಯಾಬಿನ್ನಿನ ಕಸದ ಬುಟ್ಟಿಗೆ ಹಾಕಿದಳು.

ಅವತ್ತು ಇಡೀ ದಿನ ಅವಳು ಆ ತುಂಡನ್ನು ಹುಡುಕಿದಳು. ಹೆಸರು ತಪ್ಪಾಗಿದೆಯೇ ಎಂದು ನೋಡಿದಳು, ಇಲ್ಲ. ಬೇರೆ ಜಾಗದಲ್ಲಿ ಸೇರಿಕೊಂಡಿದೆಯೇ, ಇಲ್ಲ. ಪಾಲಯ್ಯನಿಗೆ ನೋಡುವ ಅಧಿಕಾರವಿಲ್ಲದೆ ಹೀಗೆ ಹೇಳುತ್ತಿದೆಯೇ ಎಂದು ತನ್ನ ಪಾಸ್‌ವರ್ಡಿನಲ್ಲಿ ತೂಗಿ ನೋಡಿದಳು. ಅವಳಿಗೂ ಅದೇ ಕೆಂಪು ಸಾಲು. ಸಂಜೆಯ ಹೊತ್ತಿಗೆ ಇನ್ನೊಂದು ಕಣ್ಣಿಗೆ ಬಿತ್ತು. ತೂಕದ ಪರದೆಯಲ್ಲಿ ಪರ್ಮಿಟ್ ನಂಬರಿಗೆಂದು ಒಂದು ಹೊಸ ಖಾನೆ ಇತ್ತು. ದಸರೆಗೆ ಮುಂಚೆ ಅದು ಇರಲಿಲ್ಲ. ಕಳ್ಳ ಅಳಿಸಿ ಹೋಗುತ್ತಾನೆ, ಸರಿ. ಯಾವ ಕಳ್ಳ ಹೊಸದನ್ನು ಕಟ್ಟಿಕೊಟ್ಟು ಹೋಗುತ್ತಾನೆ? ಬೆಂಗಳೂರಿನವನು, ಹೊಸ ತುಂಡುಗಳನ್ನು ಕಟ್ಟಿ ಪರೀಕ್ಷಿಸುವ ತನ್ನ ಟ್ರಯಲ್ ಮಷೀನಿನಿಂದ ಏನೋ ಕಳಿಸಿದ್ದಾನೆ ಎಂದು ಅವಳಿಗೆ ಆಗಲೇ ಹೊಳೆಯಿತು. ಆ ಟ್ರಯಲ್ ಮಷೀನನ್ನು ನೋಡೋಣವೆಂದರೆ ಬೆಂಗಳೂರಿನ ಇಂಟರ್‌ನೆಟ್ ಲೈನು ಸತ್ತಿತ್ತು. ರಸ್ತೆ ಅಗೆಯುವವರು ಕೇಬಲ್ ಕಡಿದಿದ್ದರು. ಅವನ ಫೋನು ಒಂದೇ ಸಮನೆ ಹೊಡೆದುಕೊಂಡಿತು, ಎತ್ತಲಿಲ್ಲ. ಗಂಗಾಂಬಿಕಾ ರಿಸೀವರನ್ನು ಕುಕ್ಕಿದ ರಭಸಕ್ಕೆ ಮೇಜಿನ ಗಾಜು ಬಿರುಕು ಬಿಟ್ಟಿತು.

ಹೊತ್ತು ಮುಳುಗುವಾಗ ಬೇವಿನ ಮರದ ಕೆಳಗೆ ಹೋಗಿ, "ಪಾಲಯ್ಯಣ್ಣ, ಮನಿಗೆ ಹೋಗು. ನಾಳೆ ಇದನ್ನ ಬಿಡಿಸದಿದ್ರ ನನ್ನ ಹೆಸರು ಗಂಗಾಂಬಿಕಾ ಅಲ್ಲ" ಎಂದಳು. ಅವನು ತಲೆಯಾಡಿಸಿ ಎದ್ದ. ರೇಣುಕಮ್ಮ ಅವನಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದು ಹೋದಳು. ಬುತ್ತಿಯ ಗಂಟು ಬಿಚ್ಚಿರಲಿಲ್ಲ.

ಬೆಳಿಗ್ಗೆ ಲೈನು ಬಂತು. ಬೆಂಗಳೂರಿನ ಟ್ರಯಲ್ ಮಷೀನನ್ನು ತೆರೆದು ನೋಡಿದಳು. ಕಾಣೆಯಾದ ತುಂಡು ಅಲ್ಲಿ ಹಾಯಾಗಿ ಕೂತಿತ್ತು. ಅಂದರೆ ಹೊಸಪೇಟೆಯಲ್ಲಿ ಅದನ್ನು ಯಾರೂ ಅಳಿಸಿಲ್ಲ. ಹಳೆಯದರ ಬದಲಿಗೆ, ಹೊಸ ಪರದೆಯ ಜೊತೆಗೆಂದು ಹೊಸ ಹೆಸರಿನಲ್ಲಿ ಮಾಡಿದ್ದ ಅದು ಹೊಸಪೇಟೆಗೆ ಬಂದೇ ಇಲ್ಲ. ಈ ಸಲ ಫೋನನ್ನೂ ಅವನು ಎತ್ತಿದ.

"ನಮ್ಮ ಸಿಸ್ಟಮ್ಮಿಗೆ ಹೊಸಾ ಪರದೆ ಯಾವತ್ತು ಕಳಿಸಿದ್ರಿ?"

"ಅದಾ ಮೇಡಂ, ಆಯುಧ ಪೂಜೆ ದಿನ ಬೆಳಿಗ್ಗೆ. ರಜಾ ಅಲ್ವಾ, ಯಾರಿಗೂ ತೊಂದರೆ ಆಗಲ್ಲ ಅಂತ. ಸ್ಲೋ ಲೈನು ನಿಮ್ಮದು, ಹೋಗೋಕೆ ತುಂಬಾ ಹೊತ್ತು ಹಿಡಿಯತ್ತೆ."

"ಪೂರ್ತಿ ಹೋತೋ ಇಲ್ಲೋ ನೋಡಿದ್ರೇನು?"

"ಶುರು ಮಾಡಿ ಮನೆಗೆ ಹೋದೆ ಮೇಡಂ. ಬೈಕಿಗೆ ಪೂಜೆ ಇತ್ತು. ಮಧ್ಯೆ ನಿಂತಿರೋಕೆ ಚಾನ್ಸೇ ಇಲ್ಲ. ಸರ್ವರ್ ಯಾರು ಆಫ್ ಮಾಡ್ತಾರೆ ಹೇಳಿ?"

ಗಂಗಾಂಬಿಕಾ ಅವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಅಲ್ಲ, ಇಷ್ಟು ಓದಿದವನು, ತನ್ನ ಬೈಕಿಗೆ ನಿಂಬೆಹಣ್ಣು ಕಟ್ಟುವವನು, ಇಲ್ಲಿಯವರು ಪೆಟ್ಟಿಗೆಗೆ ಪೂಜೆ ಮಾಡುತ್ತಾರೆಂದು ಯೋಚನೆ ಮಾಡಬಾರದೇ? ಹೊಸಪೇಟೆಯಲ್ಲಿ ಆಯುಧ ಪೂಜೆಯ ದಿನ ಕೆಲಸ ಮಾಡುವ ಯಂತ್ರ ಯಾವುದೂ ಇಲ್ಲ. ತೊಳೆದು, ವಿಭೂತಿ ಹಚ್ಚಿ, ಹೂ ಮುಡಿಸಿ, ಕುಂಬಳಕಾಯಿ ಒಡೆದು, ವಿಶ್ರಾಂತಿಗೆ ಬಿಡುತ್ತಾರೆ. ಲಾರಿಯಾಗಲಿ, ಹೊಲಿಗೆ ಯಂತ್ರವಾಗಲಿ, ಪೂಜೆ ಹೊತ್ತಿಗೆ ತಿರುಗುತ್ತಿರಬಾರದು. ಹೋದ ದಸರೆಗೆ ಈ ಕಪ್ಪು ಪೆಟ್ಟಿಗೆ ಇರಲಿಲ್ಲ. ಇದು ಅದರ ಮೊದಲ ದಸರೆ.

ಅವಳು ಎದ್ದು ಎಸಿ ಕೋಣೆಗೆ ಹೋದಳು. ಪೆಟ್ಟಿಗೆಯ ಹಣೆಗೆ ವಿಭೂತಿ, ಕುಂಕುಮ, ಸ್ವಿಚ್ಚಿನ ಪಕ್ಕ ಬಾಡಿದ ಚೆಂಡು ಹೂವು. ನಿನ್ನೆಯೂ ಅವು ಅಲ್ಲೇ ಇದ್ದವು. ನಿನ್ನೆಯೂ ಅವಳು ನೋಡಿದ್ದಳು. ದಸರೆಯ ಮರುದಿನ ಯಂತ್ರದ ಮೇಲೆ ಕುಂಕುಮ ಇರುವುದು ಯಾರಿಗೆ ತಾನೇ ವಿಶೇಷ? ಕಸ ಗುಡಿಸುತ್ತಿದ್ದ ಜಂಬಮ್ಮನನ್ನು ಕರೆದು, ಈ ಪೆಟ್ಟಿಗೆಯ ಪೂಜೆ ಯಾರು ಮಾಡಿದರೆಂದು ಕೇಳಿದಳು.

ಜಂಬಮ್ಮ ಮುಖ ಅರಳಿಸಿದಳು. "ಸಾವ್ಕಾರ್ರೇ ಮಾಡಿದ್ರವಾ. ಅವರ ತಾಯಿ ಅಕ್ಕನಾಗಮ್ಮಾರು ಬಂದಿದ್ರು. ಆರ್ತಿ ತಟ್ಟಿ ಹಿಡಕೊಂಡು ಒಳಗ ಬಂದ್ರ ಇದು ಗುಂಯ್ ಅನ್ನಾಕತ್ತಿತ್ತು. 'ಇನ್ನಾ ದುಡಿಯಾಕತ್ತೈತಲ್ಲೋ ಚನ್ನಪ್ಪ, ದುಡಿಯೋ ಹತಾರಕ್ಕ ಹೂವ ಹಾಕ್ತಾರೇನು, ಇವತ್ತೊಂದಿನ ಅದಕ್ಕ ದಣಿವಾರಿಸ್ಕೊಳ್ಳಾಕ ಬಿಡು' ಅಂದ್ರು. ಸಾವ್ಕಾರ್ರು ತಮ್ಮ ಕೈಲೇ ಬಂದ್ ಮಾಡಿದ್ರು. ಆಮ್ಯಾಲೆ ಭಾಳ ಚಂದ ಪೂಜಿ ಆತು. ಮರುದಿನ ಬನ್ನಿ ಮುಡದು ಬಂದು ಮತ್ತ ಚಾಲೂ ಮಾಡಿದ್ರು."

ಇದರಲ್ಲಿ ಗುಟ್ಟೇನಿರಲಿಲ್ಲ. ಆಫೀಸಿನವರೆಲ್ಲ ನೋಡಿದ್ದರು, ಪ್ರಸಾದ ತಿಂದಿದ್ದರು. ಪೂಜೆಯಿಂದ ಕೇಡಾಗುತ್ತದೆಂದು ಯಾರ ಕನಸಿನಲ್ಲೂ ಬಂದಿರಲಿಲ್ಲ, ಅಷ್ಟೇ. ಬೆಂಗಳೂರಿನಿಂದ ಹೊರಟ ಪರದೆ ಮುಂಚೆ ಬಂದು ಸೇರಿತ್ತು, ಅದರ ಹಿಂದೆ ಬರುತ್ತಿದ್ದ ತುಂಡು ದಾರಿಯಲ್ಲಿದ್ದಾಗ ಚನ್ನಯ್ಯ ಸ್ವಿಚ್ ಒತ್ತಿದ್ದರು. ಯಾವ ಕೈ ಸ್ವಿಚ್ ಒತ್ತಿತೋ ಅದೇ ಕೈ ಪಾಲಯ್ಯನ ಕಪಾಳಕ್ಕೂ ಹೊಡೆದಿತ್ತು. ಗಂಗಾಂಬಿಕಾ ನೇರವಾಗಿ ಚನ್ನಯ್ಯನ ಕೋಣೆಗೆ ನಡೆದಳು.

ಅವಳು ಹೇಳಿದ್ದನ್ನೆಲ್ಲ ಚನ್ನಯ್ಯ ಕೇಳಿದರು. ಮುಖ ಕಪ್ಪಿಟ್ಟಿತು. ಎದ್ದು ಕೋಣೆಯ ಬಾಗಿಲು ಹಾಕಿ ಬಂದರು.

"ಸಣ್ಣಗ ಮಾತಾಡವಾ. ಈಗೇನು, ಅದನ್ನ ಮತ್ತ ತರಾಕ ಬರ್ತೈತಿಲ್ಲೋ?"

"ಬರ್ತೈತಿ. ಒಂದು ಬಟನ್ನಿನ ಕೆಲಸ."

"ಮತ್ತ ತಂದು ಹಾಕು. ಗೂಡ್ಸ್ ಗಾಡಿ ಕಾಯಾಕತ್ತೈತಿ. ಪೊಲೀಸ್ ಗಿಲೀಸ್ ಎಲ್ಲಾ ಬಿಟ್ಟೆ. ಪಾಲಯ್ಯಗ ಗುಡ್ಡದ ಮ್ಯಾಲಿನ ಕ್ಯಾಂಪಿನಾಗ ಕೆಲಸ ಹಚ್ತೀನಿ."

"ಅಂವ ಯಾಕ್ರಿ ಗುಡ್ಡ ಹತ್ತಬೇಕು? ಎಲ್ಲರ ಮುಂದ ಹೊಡದ್ರಿ, ಎಲ್ಲರ ಮುಂದ ಹೇಳ್ರಿ, ಅವನ ತಪ್ಪಿಲ್ಲ ಅಂತ."

"ಏನಂತ ಹೇಳಲಿ? ಪೂಜಿ ಮಾಡಿದ್ದ ತಪ್ಪಾತು ಅಂತ ಹೇಳಲೇನು? ನಮ್ಮವ್ವ ಕೇಳಿದ್ರ ಎದಿ ಒಡ್ಕೋತಾಳ. ಹೊಡದದ್ದು ಹೊಡದಾತು. ಅಂಥಾ ಮಂದಿಗೆ ಅದೆಲ್ಲ ಹತ್ತಂಗಿಲ್ಲ ಬಿಡವಾ, ನಾಲ್ಕು ದಿನಕ್ಕ ಮರೀತಾರ."

ಹತ್ತಂಗಿಲ್ಲವಂತೆ! ಹೆಂಡತಿಯ ಎದುರಿಗೆ ಹೊಡೆಸಿಕೊಂಡವನ ಮನಸ್ಸಿಗೆ ಹತ್ತುವುದಿಲ್ಲ, ಹೊಡೆದವನ ತಾಯಿಗೆ ಮಾತ್ರ ಎದೆ ಒಡೆಯುತ್ತದೆ. ಗಂಗಾಂಬಿಕಾ, ತಂದು ಹಾಕುತ್ತೇನೆ ಎಂದಷ್ಟೇ ಹೇಳಿ ಎದ್ದಳು. ಲಾರಿಗಳು ನಡೆಯಲಿ, ಆಮೇಲೆ ಸಾವಕಾರರ ಮನಸ್ಸು ಕರಗಿದರೂ ಕರಗೀತು ಎಂದು ಒಂದು ಆಸೆ ಅವಳಿಗೂ ಇತ್ತು.

ತುಂಡನ್ನು ತಂದು ಜೋಡಿಸಿ, ಕಾಟಾಕ್ಕೆ ನಡೆದು, ತಾನೇ ಕುರ್ಚಿಯಲ್ಲಿ ಕೂತಳು. ಮೊದಲ ಲಾರಿ ಹತ್ತಿತು. ತೂಕ ಬಂತು, ಚೀಟಿ ಬಂತು. ಡ್ರೈವರುಗಳು ಕೇಕೆ ಹಾಕಿದರು. ಎರಡನೆಯದು ಹತ್ತಿತು. ಅದೂ ಸರಿಯಾಯಿತು. ಅಷ್ಟರಲ್ಲಿ ಚನ್ನಯ್ಯ ತೆಂಗಿನಕಾಯಿ ಹಿಡಿದುಕೊಂಡು ಬಂದರು. ಕಾಯಿ ಒಡೆದು, ಮುಖದ ಬೆವರೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ನೋಡ್ರೆಪ್ಪಾ, ಕಳ್ಳ ಅಳಿಸಿದ್ದನ್ನ ನಮ್ಮ ಹುಡುಗಿ ಹುಡುಕಿ ತಂದ್ಲು! ಇನ್ನ ಯಾವ ಮಗನೂ ನನ್ನ ಕಾಟಾಕ್ಕ ಕೈ ಹಾಕಂಗಿಲ್ಲ!"

ಬೇವಿನ ಮರದ ಕೆಳಗೆ ಪಾಲಯ್ಯ ಕೂತಿದ್ದ. ಪಕ್ಕದಲ್ಲಿ ರೇಣುಕಮ್ಮ. ಡ್ರೈವರುಗಳೆಲ್ಲ ತಿರುಗಿ ಅವನನ್ನೇ ನೋಡಿದರು. ನಿನ್ನೆಯವರೆಗೆ ಸ್ವಾಮ್ಯಾರು ಎಂದು ಚಾಷ್ಟಿ ಮಾಡುತ್ತಿದ್ದ ಒಬ್ಬ ಅವನತ್ತ ನೋಡಿ ಉಗುಳಿದ.

ಗಂಗಾಂಬಿಕಾಳ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಆ ತುಂಡನ್ನು ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದಳು. ಮೂರನೆಯ ಲಾರಿ ಕಾಟಾದ ಮೇಲೆ ಬಂದು ನಿಂತಿತು. ಬಟನ್ ಒತ್ತಿದಳು. ಕೆಂಪು ಸಾಲು ಬಂತು. ಅವಳು ಆ ಮಾನಿಟರನ್ನೇ ಎತ್ತಿ ಕಿಟಕಿಯ ಕಡೆಗೆ, ಜನರ ಕಡೆಗೆ ತಿರುಗಿಸಿ, ಕ್ಯಾಬಿನ್ನಿನಿಂದ ಹೊರಗೆ ಬಂದಳು.

"ಸಾವ್ಕಾರ್ರೇ, ನೋಡ್ರಿಲ್ಲಿ! ಅಳಿಸೋದು ಅಂದ್ರ ಹಿಂಗ! ಈಗ ಅಳಿಸಿದಾಕಿ ನಾನು. ಎಲ್ಲರೂ ನೋಡ್ರೆಪ್ಪಾ, ನಾನು ಅಳಿಸೀನಿ! ಬರ್ರಿ, ಹೊಡೀರಿ ನನ್ನ ಕಪಾಳಕ್ಕ."

"ಗಂಗಮ್ಮಾ! ಏನ್ ತಲಿ ಕೆಟ್ಟೈತೇನು ನಿನಗ?"

"ನಿನ್ನೆ ಏನೂ ಮಾಡದಾವಗ ಹೊಡದ್ರಿ. ಇವತ್ತ ಮಾಡಿದಾಕಿ ಮುಂದ ನಿಂತೀನಿ, ಯಾಕ ಹೊಡಿಯವಲ್ರಿ? ಕೈ ಯಾಕ ಏಳವಲ್ದು? ನಮ್ಮಪ್ಪಂದು ಮಿಲ್ ಐತಿ ಅಂತೇನು? ನಿಮ್ಮ ಮನ್ಯಾಗ ನಾ ಉಂಡೀನಿ ಅಂತೇನು? ಪಾಲಯ್ಯಣ್ಣಗ ಕೇಳೋರಿಲ್ಲ ಅಂತ ಅಲ್ಲೇನ್ರಿ ಹೊಡದದ್ದು?"

ಚನ್ನಯ್ಯನ ಕೈಯಲ್ಲಿ ಒಡೆದ ತೆಂಗಿನಕಾಯಿಯ ಹೋಳಿತ್ತು, ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಮತ್ತ ಹಾಕಾದು ನನಗ ಗೊತ್ತೈತಿ. ಬೆಂಗಳೂರಿನವಗೂ ಗೊತ್ತೈತಿ, ಅಂವ ಬಂದು ಮುಟ್ಟೋದ್ರೊಳಗ ನಿಮ್ಮ ಗೂಡ್ಸ್ ಗಾಡಿ ಖಾಲಿ ಹೋಗ್ತೈತಿ. ಆಯುಧ ಪೂಜಿ ದಿನ ಏನಾತು ಅಂತ ಇವರ ಮುಂದ ನೀವು ಹೇಳ್ರಿ. ನೀವು ಹೇಳಿದ ಗಳಿಗಿಗೆ ನಾ ಹಾಕ್ತೀನಿ. ಆಮ್ಯಾಲೆ ನನ್ನ ಕೆಲಸದಿಂದ ತೆಗೀರಿ, ಪೊಲೀಸರಿಗೆ ಕೊಡ್ರಿ, ಏನರ ಮಾಡ್ರಿ."

ಹಿಂದಿನಿಂದ ಒಂದು ಲಾರಿ ಹಾರನ್ ಮಾಡಿತು. ಇನ್ನೊಂದು ಮಾಡಿತು. ಆಮೇಲೆ ರಸ್ತೆಯುದ್ದಕ್ಕೂ ಎಲ್ಲವೂ ಶುರುವಾದವು. ಚನ್ನಯ್ಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೊನೆಗೆ ಕಾಯಿಯ ಹೋಳನ್ನು ಕೆಳಗಿಟ್ಟು ಬೇವಿನ ಮರದ ಕಡೆ ನಾಲ್ಕು ಹೆಜ್ಜೆ ಹಾಕಿದರು. ಗೊಣಗಿದಂತೆ ಏನೋ ಹೇಳಿದರು.

"ಕೇಳ್ಲಿಲ್ರೀ!" ಎಂದು ಲಾರಿಯ ಮೇಲಿನಿಂದ ಒಬ್ಬ ಕೂಗಿದ.

"ಪೂಜಿ ದಿನ ಆ ಮಷೀನ್ ಬಂದ್ ಮಾಡಿದಾವ ನಾನು!" ಚನ್ನಯ್ಯ ಕಿರುಚಿದರು. "ಅದರಿಂದ ಹಿಂಗಾತು. ಪಾಲಯ್ಯ ಏನೂ ಅಳಿಸಿಲ್ಲ, ಏನೂ ಕದ್ದಿಲ್ಲ. ನಂದ ತಪ್ಪು. ಸಾಕೇನವಾ? ಸಮಾಧಾನ ಆತೇನು?"

ಗಂಗಾಂಬಿಕಾ ಒಳಗೆ ಹೋಗಿ ತುಂಡನ್ನು ಮತ್ತೆ ಜೋಡಿಸಿದಳು. ಮೂರನೆಯ ಲಾರಿಯ ಚೀಟಿ ಬಂತು. ದೀಪಾವಳಿಯ ಹೊತ್ತಿಗೆ ಅವಳ ಕೆಲಸ ಹೋಯಿತು. ಚನ್ನಯ್ಯ ಅವಳ ತಂದೆಯ ಗಿರಣಿಗೆ ಹೋಗಿ, ಮಗಳ ಬಾಯಿ ಉದ್ದವೆಂದು ದೂರಿ ಬಂದರು. ಅಪ್ಪ ಗೆಣೆಯನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಮಗಳಿಗೆ ಫೋನ್ ಮಾಡಿ, "ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು" ಎಂದರಂತೆ. ಮುಂದೆ ಅವಳು ಹೊಸಪೇಟೆಯಲ್ಲೇ ಒಂದು ಚಿಕ್ಕ ಕಂಪ್ಯೂಟರ್ ತರಬೇತಿ ಶಾಲೆ ತೆಗೆದಳು. ಗಣಿಗಳು ಮುಚ್ಚಿ ಯಾರ್ಡುಗಳಲ್ಲಿ ಜಾಲಿ ಬೆಳೆದಾಗಲೂ ಅದು ನಡೆಯುತ್ತಿತ್ತು. ಆದರೆ ಈ ಮಾತುಗಳೆಲ್ಲ ಆಮೇಲಿನವು.

ಅವತ್ತು ಅವಳು ಕಾಟಾದ ಕೀಲಿಯನ್ನು ಚನ್ನಯ್ಯನ ಕೈಯಿಂದ ಇಸಿದುಕೊಂಡು ಬೇವಿನ ಮರದ ಕೆಳಗೆ ಬಂದಳು. ಗೆದ್ದ ಉಮೇದಿಯಲ್ಲಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಡ್ರೈವರುಗಳು ಆಗಲೇ, "ಸ್ವಾಮ್ಯಾರ, ಬರ್ರಿ, ಕುಂದ್ರಿ" ಎಂದು ಕರೆಯುತ್ತಿದ್ದರು.

"ಪಾಲಯ್ಯಣ್ಣ, ತಗೋ ಕೀಲಿ. ಕೇಳಿದಿಲ್ಲೋ? ಎಲ್ಲರ ಮುಂದ ಹೇಳ್ಸೀನಿ. ಕಳಂಕ ಹೋತು. ಈಗರ ನಗು ಮಾರಾಯ."

ಪಾಲಯ್ಯ ಕೀಲಿ ತೆಗೆದುಕೊಳ್ಳಲಿಲ್ಲ. ರೇಣುಕಮ್ಮ ಸೆರಗನ್ನು ಬಾಯಿಗೆ ತುಂಬಿಕೊಂಡು ಆ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು.

"ನೀವು ಭಾಳ ದೊಡ್ಡ ಕೆಲಸ ಮಾಡಿದ್ರಿ ಅಕ್ಕಾರ" ಎಂದ ಪಾಲಯ್ಯ. "ನನ್ನ ಸಲುವಾಗಿ ಯಾರೂ ಇಷ್ಟು ಮಾತಾಡಿಲ್ಲ. ಸಾವ್ಕಾರ್ರ ಏಟಿನ ನೋವು ನಿನ್ನೇನ ಹೋತು. ದೊಡ್ಡೋರು, ಹೊಡೀತಾರ. ಆದ್ರ ನಿನ್ನೆ ಸಂಜೀಕ ಮನಿಗೆ ಹೋದೆ. ಈಕಿ ನೀರು ಕೊಡ್ಲಿಲ್ಲ. 'ಅಷ್ಟು ದೊಡ್ಡ ಮನುಷ್ಯಾರು ಸುಮ್ ಸುಮ್ನ ಯಾಕ ಹೊಡೀತಾರ, ಏನರ ಮಾಡೀಯೇನು, ಖರೇ ಹೇಳು' ಅಂದ್ಲು. ಎಷ್ಟು ಹೇಳಿದ್ರೂ ನಂಬಲಿಲ್ಲ. ಮದಿವಿ ಆದಾಗಿಂದ ನನ್ನ ಸಂಗಾಟ ಇದ್ದಾಕಿರಿ ಈಕಿ. ನನ್ನ ಮನ್ಯಾಗ, ನನ್ನ ಹೇಣ್ತಿ ಮುಂದ, ದೇವರ ದೀಪದ ಮ್ಯಾಲೆ ಕೈ ಇಟ್ಟು ನಾ ಕಳ್ಳ ಅಲ್ಲ ಅಂತ ಆಣಿ ಮಾಡಬೇಕಾತ್ರಿ ಅಕ್ಕಾರ."

ಗಂಗಾಂಬಿಕಾ ಬಾಯಿ ತೆರೆದಳು. ಯಾರನ್ನು ಬೈಯಬೇಕೆಂದು ಗೊತ್ತಾಗಲಿಲ್ಲ.

"ಈಗ ಸಾವ್ಕಾರ್ರು ಹೇಳಿದಮ್ಯಾಲ ಈಕಿ ನಂಬ್ಯಾಳ" ಎಂದ ಪಾಲಯ್ಯ. "ನಾ ದೀಪ ಮುಟ್ಟಿ ಹೇಳಿದಾಗ ನಂಬಿರಲಿಲ್ರಿ."